ಫ್ರಾನ್ಸಿನ ಕೋವಿಗೆ ಮೂಡಿಗೆರೆಯ ಹೆಗಲು

ಕೊಟ್ಟಿಗೆಹಾರ

ಕೇಪಿನ ಕೋವಿಗೆ ಈಡು ತುಂಬುವುದರಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದರೆ ಜಂಬ ಎನ್ನುತ್ತೀರಿ. ಎನ್ನಿ, ಅಡ್ಡಿಯಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಕೇಪು ಕೂರಿಸಿ ಢಮ್ ಅನ್ನಿಸುವ ಕೆಲಸವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಕಣ್ಣು ಕಟ್ಟಿದರೂ ತುಂಬುತ್ತೇನೆ, ಮಳೆಯಲ್ಲಿ ಕಂಬಳಿಕೊಪ್ಪೆಯ ಒಳಗೇ ತುಂಬುತ್ತೇನೆ. ಈ ಧೈರ್ಯ ಕಟ್ಟಿಕೊಂಡೇ ನಾನು ಫ್ರಾನ್ಸಿಗೆ ಹೋದದ್ದು. ಅಲ್ಲಿ ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಶಾರದ ಹೇಳುತ್ತಾಳೆ, ಅವಳು ಹೇಳಿದರೆ ಇನ್ನೂ ಉದ್ದವಾಗುತ್ತದೆ.

ನಮ್ಮ ತೋಟ ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿದೆ. ಹನ್ನೆರಡು ಎಕರೆ ಕಾಫಿ, ನಡುನಡುವೆ ಕಿತ್ತಳೆ, ಬಾಳೆ, ಮೆಣಸು. ಹಗಲು ಮಂಗಗಳ ಪಾಳಿ, ಕತ್ತಲಾದ ಮೇಲೆ ಹಂದಿಗಳದು. ಷಿಕಾರಿ ಅಪ್ಪನ ಕಾಲದಲ್ಲೇ ನಿಂತಿತು. ಕಾನೂನು ನಿಲ್ಲಿಸಿತು, ನಿಲ್ಲಿಸಿದ್ದು ಸರಿ. ಇಲ್ಲದಿದ್ದರೆ ಕಾಡುಕುರಿಯೆಂಬ ಬೊಗಳುವ ಜಿಂಕೆಯ ಕೂಗು ಕೇಳಬೇಕಾದರೆ ನಾವು ಮೊಬೈಲು ಒತ್ತಬೇಕಾಗುತ್ತಿತ್ತು. ಲೈಸೆನ್ಸಿನಲ್ಲಿ ಬರೆದಿರುವ ಹಾಗೆ ನನ್ನದು ಬೆಳೆ ಕಾಯುವ ಕೋವಿ. ಅದರಿಂದ ಹೊರಡುವುದು ಸದ್ದು ಮತ್ತು ಹೊಗೆ ಮಾತ್ರ.

ಈ ಕೋವಿಯನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡ ಮನುಷ್ಯನ ಹೆಸರು ಎತಿಯೆನ್. ಎಪ್ಪತ್ತು ದಾಟಿದ ಫ್ರಾನ್ಸಿನವನು, ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಮೂರು ವರ್ಷದ ಹಿಂದೆ ಮಗಳು ಕ್ಲೇರ್ ಜೊತೆ ಬಾಬಾಬುಡನ್‌ಗಿರಿ ನೋಡಲು ಬಂದಿದ್ದ. ಅತ್ತಿಗುಂಡಿಯ ಹತ್ತಿರ ಮಂಜಿನಲ್ಲಿ ಅವರ ಬಾಡಿಗೆ ಜೀಪು ಕೆಟ್ಟು ನಿಂತಿತ್ತು. ಕೆಲಸದ ಮೇಲೆ ಆ ಕಡೆ ಹೋಗಿದ್ದ ನಾನು ನನ್ನ ಜೀಪಿನಲ್ಲಿ ಹತ್ತಿಸಿಕೊಂಡು ಬಂದೆ. ಅವರು ಕಳಸಕ್ಕೆ ಹೋಗುವವರಾಗಿದ್ದರು, ನಮ್ಮ ಮನೆ ದಾರಿಯಲ್ಲೇ ಇತ್ತು, ಒಂದು ದಿನ ಎಂದವರು ನಾಲ್ಕು ದಿನ ಉಳಿದರು. ಎತಿಯೆನ್‌ಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮಗಳು ಇಂಗ್ಲಿಷಿಗೆ ತಿರುಗಿಸಬೇಕು, ನಾನು ನನ್ನ ಎಸ್ಟೇಟ್ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು. ಜಗಲಿಯ ಗೋಡೆಯ ಮೇಲಿನ ಕೋವಿಯನ್ನು ಕಂಡಾಗ ಮಾತ್ರ ಅವನು ಮಗಳಿಗಾಗಿ ಕಾಯಲಿಲ್ಲ. ಗಜವನ್ನು ಬೆರಳಿನಿಂದ ಸವರಿ, ಎದೆ ಮುಟ್ಟಿಕೊಂಡು ತೋರಿಸಿದ. ಅವನ ಅಜ್ಜನದೂ ಇಂಥದ್ದೇ ಒಂದು ಇದೆಯಂತೆ, ನಲವತ್ತು ವರ್ಷದಿಂದ ಅಟ್ಟದಲ್ಲಿ ಬಿದ್ದಿದೆಯಂತೆ.

ಹೊಸ ದೋಸ್ತಿಯ ಹುಮ್ಮಸ್ಸಿನಲ್ಲಿ ನಾನು ಒಂದು ಮಾತು ಎಸೆದೆ. ನಮ್ಮದು ಒಂದೇ ಈಡಿನ ಮನೆತನ, ಎರಡನೇ ಸಲ ಕೋವಿ ಎತ್ತುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಅಪ್ಪನ ಮಟ್ಟಿಗೆ ಅದು ನಿಜ. ನಾನು ಕೋವಿಯಿಂದ ಒಂದು ಇಲಿಯನ್ನೂ ಹೊಡೆದವನಲ್ಲ ಎನ್ನುವ ಭಾಗವನ್ನು ಕ್ಲೇರ್‌ಗೆ ತರ್ಜುಮೆ ಮಾಡಲು ಕೊಡಲಿಲ್ಲ.

ಆ ಮಾತು ಮೊಳೆತು ಹೋದ ವರ್ಷ ಪತ್ರವಾಗಿ ಬಂತು. ಎತಿಯೆನ್‌ಗೆ ಕೈ ನಡುಕದ ಕಾಯಿಲೆ ಶುರುವಾಗಿದೆ. ಈ ಬೇಸಿಗೆ ಕಳೆದ ಮೇಲೆ ಕೋವಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅಜ್ಜನ ಕೋವಿಯನ್ನು ಅಟ್ಟದಿಂದ ಇಳಿಸಿ ಸರಿ ಮಾಡಿಸಿದ್ದಾನೆ, ಅದು ಕಾಡಿನಲ್ಲಿ ಇನ್ನೊಂದು ಸಲ ಮಾತಾಡಬೇಕು, ತನ್ನ ಕೈಯಲ್ಲಿ ಆಗದು, ನೀವು ಬಂದು ಹೊಡೆಯಬೇಕು. ಅವನ ಬೇಟೆಯ ಜಾಗಕ್ಕೆ ಆ ಬೇಸಿಗೆಯಲ್ಲಿ ಒಂದೇ ಒಂದು ಗಂಡು ಜಿಂಕೆಯ ಅನುಮತಿ ಉಳಿದಿತ್ತು.

"ಒಂದು ಜಿಂಕೆಗೆ ಸಮುದ್ರ ದಾಟ್ಬೇಕಾ? ಆ ಮನುಷ್ಯ ಕೈ ನಡುಗ್ತದೆ ಅಂತ ಬರೆದಿದ್ದಾರಲ್ಲ, ಅದಕ್ಕೆ ನಾನೂ ಬರ್ತೀನಿ. ನಿಮ್ಮ ಬೇಟೆಗಲ್ಲ," ಎಂದಳು ಶಾರದ.

ಬೆಂಗಳೂರಿಗೆ ಹೊರಟ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಯವರೆಗೆ ಜೀಪು ಬಿಟ್ಟುಕೊಂಡು ಬಂದಿದ್ದ ನಮ್ಮ ಮೇಸ್ತ್ರಿ ಲಕ್ಷ್ಮಣ ಕೈ ತೊಳೆದುಕೊಂಡು ಹೇಳಿದ, "ಮಂಗನ ಚಿಂತೆ ಬಿಡಿ ಗೌಡ್ರೇ, ನಾನು ನೋಡ್ಕತೀನಿ. ನೀವು ಮಾತ್ರ ಅಲ್ಲಿ ತುಂಬುವಾಗ ಸ್ವಲ್ಪ ನಿಧಾನ." ನನಗೆ ತುಂಬುವುದನ್ನು ಹೇಳಿಕೊಡಲು ಬಂದನಲ್ಲ ಎಂದು ಒಳಗೊಳಗೇ ನಕ್ಕೆ.

ವಿಮಾನ ನಿಲ್ದಾಣ

ಮಂಗ ಓಡಿಸುವಾಗ ತೊಡುವ ಕೋಟನ್ನೇ ನಾನು ಫ್ರಾನ್ಸಿಗೂ ತೊಟ್ಟಿದ್ದೆ. ಬೇಟೆಗೆ ಹೊರಟವನು ಮದುವೆಯ ಕೋಟು ಹಾಕಲು ಆಗುತ್ತದೆಯೇ? ತಪಾಸಣೆಯ ಹುಡುಗಿ ತೋಳಿನ ಮೇಲೆ ಒಂದು ಬಿಳಿ ಪಟ್ಟಿ ಸವರಿ ಯಂತ್ರದಲ್ಲಿಟ್ಟಳು. ಯಂತ್ರ ಕೆಂಪು ದೀಪ ಹಚ್ಚಿ ಕೂಗಿಕೊಂಡಿತು. ಮೂವತ್ತು ವರ್ಷದ ಮದ್ದು ಆ ನೂಲಿನೊಳಗೆ ಸೇರಿಕೊಂಡಿತ್ತು ನೋಡಿ. ಮೂರು ಜನ ಸುತ್ತುವರಿದರು. ನಾನು ಬೆಳೆಗಾರ, ಮಂಗಗಳಿಗಾಗಿ ಎಂದು ವಿವರಿಸಿದೆ. ವಿವರಿಸಿದಷ್ಟೂ ಅವರ ಮುಖ ಗಂಭೀರವಾಯಿತು.

ಅವರಲ್ಲಿ ಹಿರಿಯ ಅಧಿಕಾರಿಯೊಬ್ಬರು ಸಕಲೇಶಪುರದ ಕಡೆಯವರು ಎಂದು ಆಮೇಲೆ ಗೊತ್ತಾಯಿತು. ಕೋಟನ್ನು ಮೂಸಿ ನೋಡಿ, "ಕೇಪಿನ ಕೋವಿಯಾ?" ಎಂದರು. ಹೌದು ಎಂದೆ. "ನಮ್ಮ ದೊಡ್ಡಪ್ಪನ ಕೋಟೂ ಹೀಗೇ ನಾರ್ತಿತ್ತು," ಎಂದು, ಕೋಟು ಇಲ್ಲೇ ಬಿಟ್ಟು ಹೋಗಬೇಕು ಎಂದರು. ಶಾರದಳ ಚೀಲದಲ್ಲಿದ್ದ ಎರಡು ಕೇಜಿ ಅಕ್ಕಿತರಿ ಮತ್ತು ಕಾಫಿಪುಡಿಯನ್ನು ಯಾರೂ ಮುಟ್ಟಲಿಲ್ಲ. ವಿಮಾನದಲ್ಲಿ ಅವಳ ಶಾಲು ಹೊದ್ದು ನಡುಗುತ್ತ ಕುಳಿತೆ.

ಎತಿಯೆನ್ ಮನೆ

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ ವೋಜ್ ಎಂಬ ಬೆಟ್ಟಸಾಲಿದೆ. ಅಲ್ಲಿನ ಒಂದು ಕಣಿವೆಯಲ್ಲಿ ಎತಿಯೆನ್ ಊರು. ಬೆಟ್ಟಗಳ ಬೆನ್ನು ನಮ್ಮಲ್ಲಿಯ ಹಾಗೇ ದುಂಡಗೆ, ಆದರೆ ಆಗಸ್ಟಿನಲ್ಲಿ ಬಿಸಿಲು. ನಮ್ಮಲ್ಲಿ ಆ ಹೊತ್ತಿಗೆ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕೀಳುವುದೇ ಒಂದು ಉದ್ಯೋಗ. ಇಲ್ಲಿ ಹುಲ್ಲಿನಲ್ಲಿ ಗಂಟೆಗಟ್ಟಲೆ ನಡೆದರೂ ಒಂದು ಇಂಬಳ ಹತ್ತಲಿಲ್ಲ, ಮೊದಲೆರಡು ದಿನ ನಾನು ಅಭ್ಯಾಸಬಲದಿಂದ ಬಗ್ಗಿ ನೋಡಿಕೊಳ್ಳುತ್ತಲೇ ಇದ್ದೆ.

ಬಾಗಿಲಲ್ಲೇ ಎತಿಯೆನ್ ಶಾರದಳ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟ. ಅವಳು ಕೈಮುಗಿಯಲು ಎತ್ತಿದ ಕೈ ಅಲ್ಲೇ ನಿಂತಿತು. ಆಮೇಲೆ ಪಕ್ಕದ ಮನೆಯ ಇಬ್ಬರು ಅಜ್ಜಿಯರೂ ಬಂದು ಅದನ್ನೇ ಮಾಡಿದರು. "ಇವರು ಮಾತು ಶುರು ಮಾಡೋದೇ ಹೀಗೆ ಅಂತ ಕಾಣ್ತದೆ," ಎಂದು ಅವಳು ಮೂರನೆಯ ದಿನದಿಂದ ತಾನೇ ಕೆನ್ನೆ ಕೊಡತೊಡಗಿದಳು. ಅವಳಿಗೆ ಒಗ್ಗದೆ ಹೋದದ್ದು ಒಂದೇ, ಬ್ರೆಡ್ಡನ್ನು ತಟ್ಟೆಯಲ್ಲಿಡದೆ ಮೇಜಿನ ಬಟ್ಟೆಯ ಮೇಲೇ ಇಟ್ಟುಕೊಳ್ಳುವುದು. ಎತಿಯೆನ್ ಮುರಿದು ಇಟ್ಟ ತುಂಡಿನ ಕೆಳಗೆ ಅವಳು ಸದ್ದಿಲ್ಲದೆ ಒಂದು ತಟ್ಟೆ ಸರಿಸುವಳು, ಅವನು ಸದ್ದಿಲ್ಲದೆ ಅದನ್ನು ಮತ್ತೆ ಬಟ್ಟೆಯ ಮೇಲಿಡುವನು.

ಊರು ತೀರ ಮೌನ. ಮನೆ ಮನೆಯ ಗೋಡೆಗೂ ಸೌದೆ ಒಟ್ಟಿದ್ದಾರೆ, ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡ, ಮನುಷ್ಯರ ಸುಳಿವಿಲ್ಲ. ನಮ್ಮಲ್ಲಿ ಯಾರ ಮನೆಗೆ ಹೊಸಬರು ಬಂದರೂ ಸಂಜೆಯೊಳಗೆ ಮೂರು ಜನ ಸಕ್ಕರೆ ಕೇಳುವ ನೆಪದಲ್ಲಿ ಬರುತ್ತಾರೆ. ಇಲ್ಲಿ ಪರದೆ ಅಲುಗುತ್ತದೆ, ಅಷ್ಟೇ. ಆದರೆ ಎತಿಯೆನ್ ಮನೆಗೆ ಭಾರತದಿಂದ ಬೇಟೆಗಾರ ಬಂದಿದ್ದಾನೆ ಎಂಬ ಸುದ್ದಿ ಮಾತ್ರ ಬ್ರೆಡ್ ಅಂಗಡಿಯವರೆಗೂ ಹೋಗಿತ್ತು. ಅಂಗಡಿಯ ಹೆಂಗಸು ಹುಲಿ ಹೊಡೆದಿದ್ದೀರಾ ಎಂದು ಕ್ಲೇರ್ ಮೂಲಕ ಕೇಳಿದಳು. ನಾನು ಇಲ್ಲ ಎಂದದ್ದನ್ನು ಅವಳು ವಿನಯ ಎಂದುಕೊಂಡಳು.

ಕೋವಿಯನ್ನು ಎತಿಯೆನ್ ಒಂದು ಹಳೆಯ ಉಣ್ಣೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದ. ನಮ್ಮದಕ್ಕಿಂತ ಒಂದು ಗೇಣು ಉದ್ದ, ವಾಲ್‌ನಟ್ ಮರದ ಹಿಡಿ, ಗಜದ ಮೇಲೆ ಚಾಕುವಿನಿಂದ ಕೊರೆದ ಒಂದು ಗೀರು. ಮದ್ದು, ಗುಂಡು ಎರಡೂ ಸರಿಯಾಗಿ ಕೂತಿದ್ದರೆ ಆ ಗೀರು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುತ್ತದೆ. ಅಜ್ಜ ಕೊರೆದದ್ದು. ಹದಿನೇಳರ ವಯಸ್ಸಿನಲ್ಲಿ ಎತಿಯೆನ್ ತನ್ನ ಮೊದಲ ಜಿಂಕೆಯನ್ನು ಈ ಕೋವಿಯಿಂದ ಹೊಡೆದಿದ್ದ, ಅಜ್ಜ ಪಕ್ಕದಲ್ಲಿ ನಿಂತಿದ್ದ. ಆಮೇಲೆ ಹೊಸ ರೈಫಲ್ಲು ಬಂತು, ಇದು ಅಟ್ಟ ಸೇರಿತು. "ನಿಮ್ಮ ಮನೆಯಲ್ಲಿ ಕೋವಿ ಕೈಗೆ ಸಿಗುವ ಹಾಗೆ ತೂಗ್ತಾ ಇತ್ತು. ನನಗೆ ನಾಚಿಕೆಯಾಯ್ತು," ಎಂದು ಕ್ಲೇರ್ ಮೂಲಕ ಹೇಳಿದ. ಹೇಳುವಾಗ ಅವನ ಬಲಗೈ ಮೇಜಿನ ಮೇಲೆ ತನ್ನಷ್ಟಕ್ಕೆ ಅದುರುತ್ತಿತ್ತು. ಅವನು ಅದರ ಮೇಲೆ ಎಡಗೈ ಇಟ್ಟುಕೊಂಡ.

ಎರಡು ದಿನ ಕಲ್ಲುಕೋರೆಯಲ್ಲಿ ಹಲಗೆಗೆ ಗುರಿ ಇಟ್ಟು ಹೊಡೆದೆ. ಎತಿಯೆನ್ ಒಂದೊಂದೇ ಸಾಮಾನು ಎತ್ತಿ ಕೊಡುವನು: ಮದ್ದು, ಎಣ್ಣೆ ಸವರಿದ ಬಟ್ಟೆಯ ಚೂರು, ಅವನೇ ಎರಕ ಹೊಯ್ದ ಸೀಸದ ಗುಂಡು. ನಲವತ್ತು ಹೆಜ್ಜೆಯಿಂದ ಆರಕ್ಕೆ ಆರೂ ಹಲಗೆಗೆ ಬಿದ್ದವು, ಐದು ನಟ್ಟನಡುವೆ ಕೂತವು. ಕ್ಲೇರ್ ಚಪ್ಪಾಳೆ ತಟ್ಟಿದಳು. ಶಾರದ ಮಾತ್ರ, "ಹಲಗೆ ಓಡೋದಿಲ್ವಲ್ಲ," ಎಂದಳು.

ಬೀಚ್ ಮರದ ಕೆಳಗೆ

ಅವರ ಜಿಂಕೆಗೆ ಶೆವ್ರಯ್ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ರೋ. ನಮ್ಮ ಕಾಡುಕುರಿಗಿಂತ ಸ್ವಲ್ಪ ಎತ್ತರ, ಬೇಸಿಗೆಯಲ್ಲಿ ಅದೇ ಕೆಂಪು, ಬಾಲ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಕು. ಕೂಗು ಕೇಳಿದರೆ ನೀವು ಕಳಸದ ಕಾಡಿನಲ್ಲೇ ಇದ್ದೀರಿ ಎನ್ನಿಸುತ್ತದೆ, ಹಾಗೇ ನಾಯಿಯಂತೆ ಬೊಗಳುತ್ತದೆ. ಅಲ್ಲಿ ಅವು ಬೇಕಾದಷ್ಟು ಹೆಚ್ಚಿ ಸಸಿಗಳ ಕುಡಿಯನ್ನೆಲ್ಲ ಮೇಯುತ್ತವೆ. ಅದಕ್ಕೇ ಸರ್ಕಾರ ಲೆಕ್ಕ ಹಾಕಿ ಇಷ್ಟೇ ಹೊಡೆಯಿರಿ ಎಂದು ಒಂದೊಂದಕ್ಕೆ ಒಂದೊಂದು ಪಟ್ಟಿ ಕೊಡುತ್ತದೆ. ಹೊಡೆದ ಕೂಡಲೇ ಅದನ್ನು ಜಿಂಕೆಯ ಕಾಲಿಗೆ ಕಟ್ಟಬೇಕು. ಎತಿಯೆನ್ ಜೇಬಿನಲ್ಲಿ ಆ ಒಂದು ಪಟ್ಟಿಯಿತ್ತು, ಜೊತೆಗೆ ನನ್ನ ಹೆಸರಿಗೆ ಮಾಡಿಸಿದ ತಾತ್ಕಾಲಿಕ ಪರವಾನಗಿ.

ಬೆಳಕು ಹರಿಯುವಾಗ ನಾವಿಬ್ಬರೇ ಕಾಡು ಹೊಕ್ಕೆವು. ಕಾಡಿನ ಬಾಯಲ್ಲಿ ಒಂದು ಮುದಿ ಬೀಚ್ ಮರವಿದೆ. ಎತಿಯೆನ್ ಅದಕ್ಕೆ ಟೋಪಿ ಮುಟ್ಟಿ ವಂದಿಸಿದ, ನಾನೂ ಕೈಮುಗಿದೆ. ಚಳಿಗೆ ಅವನ ಕೈ ಹೆಚ್ಚೇ ನಡುಗುತ್ತಿತ್ತು. ಚೀಲದಿಂದ ಗುಂಡು ತೆಗೆದು ನನ್ನ ಅಂಗೈಯಲ್ಲಿಟ್ಟು, ಮದ್ದಿನ ಡಬ್ಬಿ ಬಿಚ್ಚಲು ಹೋಗಿ ಮುಚ್ಚಳ ಕೆಳಗೆ ಬೀಳಿಸಿದ. ಕೊಡು ಮಾರಾಯ ಎಂದು ಕನ್ನಡದಲ್ಲೇ ಹೇಳಿ ಡಬ್ಬಿ ಇಸಿದುಕೊಂಡೆ. ಅವನು ಮುಚ್ಚಳ ಹುಡುಕುತ್ತಿರುವಾಗಲೇ ನನ್ನ ಈಡು ಮುಗಿದಿತ್ತು. ಸುರಿ, ತುರುಕು, ಜಡಿ. ಗಜ ತಳ ಮುಟ್ಟಿ ಚಿಮ್ಮಿದ ಸದ್ದು ಕಿವಿಗೆ ಹಿತವಾಗಿತ್ತು. ಗೀರು ನೋಡುವುದು ಕಲಿಯುವವರಿಗೆ ಎಂದುಕೊಂಡೆ.

ಒಂದು ಹುಲ್ಲುಬಯಲಿನ ಅಂಚಿನಲ್ಲಿ ಕೂತೆವು. ಆಗಸ್ಟ್ ಅವುಗಳ ಬೆದೆಯ ಕಾಲ. ಎತಿಯೆನ್ ಒಂದು ಬೀಚ್ ಎಲೆ ಕಿತ್ತು ತುಟಿಗಿಟ್ಟು ಊದಿದ, ಹೆಣ್ಣು ಕರೆದ ಹಾಗೆ ಸಣ್ಣಗೆ ಪೀ ಪೀ ಎಂದಿತು. ಕೈ ನಡುಗಿದರೂ ತುಟಿ ನಡುಗುತ್ತಿರಲಿಲ್ಲ. ಮೂರನೆಯ ಸಲಕ್ಕೆ ಎದುರಿನ ಪೊದೆ ಅಲುಗಿ ಗಂಡು ಬಂತು. ಮೂವತ್ತು ಹೆಜ್ಜೆ. ಕಿವಿ ಮುಂದೆ ಮಾಡಿ, ಪಕ್ಕೆ ತೋರಿಸಿಕೊಂಡು ನಿಂತಿತು. ಎತಿಯೆನ್ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ನಾನು ಮುಂಗಾಲಿನ ಹಿಂದೆ ಗುರಿ ಇಟ್ಟೆ, ಕೈ ಎಳ್ಳಷ್ಟೂ ಅಲುಗಲಿಲ್ಲ, ಒತ್ತಿದೆ.

ಸದ್ದು ಕಣಿವೆಯಲ್ಲೆಲ್ಲ ಉರುಳಿತು. ಹೊಗೆ ಹರಿದಾಗ ಜಿಂಕೆ ಅಲ್ಲೇ ನಿಂತಿತ್ತು. ನನ್ನನ್ನು ಚೆನ್ನಾಗಿ ನೋಡಿತು, ಎರಡು ಸಲ ಬೊಗಳಿತು, ಅವಸರವಿಲ್ಲದೆ ಪೊದೆಯೊಳಗೆ ಹೋಯಿತು.

ಅರ್ಧ ಗಂಟೆ ರಕ್ತದ ಗುರುತು ಹುಡುಕಿದೆವು. ಗಾಯವಾದ ಪ್ರಾಣಿಯನ್ನು ಬಿಟ್ಟು ಹೋಗಬಾರದು ಎಂಬುದು ಅಲ್ಲಿ ಕಟ್ಟುನಿಟ್ಟು. ಒಂದು ಹನಿಯೂ ಇಲ್ಲ, ಒಂದು ಕೂದಲೂ ಇಲ್ಲ. ಬಗ್ಗಿ ಹುಡುಕುತ್ತ ಬೆವರು ಒರೆಸಲು ಕರವಸ್ತ್ರ ತೆಗೆಯಹೋದೆ, ಪ್ಯಾಂಟಿನ ಜೇಬಿನಲ್ಲಿ ಬೆರಳಿಗೆ ತಣ್ಣಗೆ, ದುಂಡಗೆ ಏನೋ ಸಿಕ್ಕಿತು.

ಮೂವತ್ತು ವರ್ಷ ಮಂಗಗಳಿಗೆ ಬರಿಯ ಮದ್ದು ತುಂಬಿದ ಕೈ. ಅದಕ್ಕೆ ಗುಂಡು ಎಂಬ ವಸ್ತುವಿನ ನೆನಪೇ ಇಲ್ಲ. ಅಂಗೈಯಲ್ಲಿಟ್ಟ ಗುಂಡನ್ನು ಜೇಬಿಗೆ ಹಾಕಿ, ಮದ್ದು ಸುರಿದು, ಬಟ್ಟೆಯ ಚೂರನ್ನು ತೆಂಗಿನ ನಾರಿನ ಹಾಗೆ ತುರುಕಿ, ಜಡಿದು ಮುಗಿಸಿತ್ತು.

ನಾನು ಹೇಳಲಿಲ್ಲ. ನಾಚಿಕೆಯಾಯಿತು ಎಂದು ನೇರವಾಗಿ ಒಪ್ಪಿಕೊಳ್ಳುತ್ತೇನೆ. ಒಂದೇ ಈಡಿನ ಮನೆತನ ಎಂದು ಕೊಚ್ಚಿಕೊಂಡ ಬಾಯಿ ಅದು, ತೆರೆಯಲೇ ಇಲ್ಲ.

ಅಡಿಗೆಮನೆ

ಎತಿಯೆನ್ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಿದ, ತುಂಬ ಹೊತ್ತು ನೋಡಿದ. ಆಮೇಲೆ ಮಗಳಿಗೆ ಏನೋ ಹೇಳಿ ಹಿತ್ತಲಿಗೆ ಹೋದ.

ಕ್ಲೇರ್ ನಮಗೆ ಹೇಳಿದಳು, "ಮೂವತ್ತು ಹೆಜ್ಜೆಯಲ್ಲಿ ನೀವು ತಪ್ಪೋದಿಲ್ಲವಂತೆ. ನಳಿಗೆ ಸವೆದಿದೆ, ಇಲ್ಲದಿದ್ದರೆ ತಾನು ನಡುಗುವ ಕೈಯಲ್ಲಿ ಹೊಯ್ದ ಗುಂಡು ಸೊಟ್ಟ ಇರಬೇಕು ಅಂತಾರೆ. ಕೋವಿಗೂ ತನ್ನ ಹಾಗೇ ಆಯ್ತು, ನಾಳಿದ್ದು ಪೊಲೀಸರಿಗೆ ಒಪ್ಪಿಸಿಬಿಡೋಣ, ಮನೆಯಲ್ಲಿ ಇಟ್ಟುಕೊಳ್ಳೋದು ಬೇಡ ಅಂದ್ರು."

ಕಿಟಕಿಯಿಂದ ಎತಿಯೆನ್ ಕಾಣುತ್ತಿದ್ದ. ಸೌದೆಯ ಒಟ್ಟಿಲಿನ ಪಕ್ಕ ಬೆಂಚಿನ ಮೇಲೆ ಕೂತು, ತನ್ನ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಇಟ್ಟುಕೊಂಡಿದ್ದ. ಅವನ ನಾಯಿ ಬಿಜು ಬಂದು ಮೂತಿ ತೂರಿಸಿದರೂ ಅವನು ತಲೆ ಸವರಲಿಲ್ಲ. ಅದನ್ನು ಕಂಡೂ ಗುಂಡು ನನ್ನ ಜೇಬಿನಲ್ಲೇ ಉಳಿಯಿತು.

ಮಧ್ಯಾಹ್ನ ಶಾರದ ಬಟ್ಟೆ ಒಗೆಯಲು ಹಾಕುವಾಗ ನನ್ನ ಪ್ಯಾಂಟಿನ ಜೇಬು ತಡಕಿದಳು. ಇದು ಅವಳ ಮೂವತ್ತು ವರ್ಷದ ಅಭ್ಯಾಸ. ಬಂದು ನನ್ನ ಮುಂದೆ ಮೇಜಿನ ಮೇಲೆ ಗುಂಡನ್ನು ಇಟ್ಟಳು.

"ಇದು ಎಂತದು?"

"ಗುಂಡು."

"ಅದು ಕಾಣ್ತದೆ. ಇವತ್ತಿಂದಾ?"

ನಾನು ಹೂಂ ಎಂದೆ. ಅವಳು ಲಕ್ಷ್ಮಣನ ಜೊತೆ ಎಷ್ಟೋ ಸಲ ಮಂಗ ಓಡಿಸಿದವಳು, ಹೆಚ್ಚು ಹೇಳಬೇಕಾಗಲಿಲ್ಲ. ಕಿಟಕಿಯ ಕಡೆ ನೋಡಿ ಕೆಳದನಿಯಲ್ಲಿ ಹೇಳಿದಳು, "ಆ ಮನುಷ್ಯ ಅಲ್ಲಿ ಕೂತು ಅವರ ಅಜ್ಜನ ಕೋವಿನ ಬೈಕಂತಾ ಇದ್ದಾರೆ. ನೀವು ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಹೇಳಿದೆ. ಹಿತ್ತಲಿಗೆ ಹೋಗಿ ಗುಂಡನ್ನು ಅವನ ಪಕ್ಕದಲ್ಲಿಟ್ಟು, ಕ್ಲೇರ್ ಮೂಲಕ, ಮೊದಲಿನಿಂದ ಕೊನೆಯವರೆಗೆ. ಮಂಗ, ಹಂದಿ, ಬರಿಯ ಮದ್ದು, ನಾನು ಯಾವ ಪ್ರಾಣಿಯನ್ನೂ ಹೊಡೆದವನಲ್ಲ ಎಂಬುದು, ಎಲ್ಲ. ಎತಿಯೆನ್ ಗುಂಡನ್ನು ಎತ್ತಿಕೊಂಡ. ಅವನ ಬೆರಳುಗಳ ನಡುವೆ ಅದು ನಿಲ್ಲಲಿಲ್ಲ, ಉರುಳಿ ಹುಲ್ಲಿಗೆ ಬಿತ್ತು, ನಾನು ಎತ್ತಿಕೊಟ್ಟೆ. ಅವನು ಮಗಳನ್ನು ಒಂದೇ ಪ್ರಶ್ನೆ ಕೇಳಿದ.

"ಮೂವತ್ತು ವರ್ಷ ಯಾರಿಗೂ ತಾಗದ ಹಾಗೆ ಹೊಡೆದಿದ್ದೀರಾ ಅಂತ ಕೇಳ್ತಿದ್ದಾರೆ," ಎಂದಳು ಕ್ಲೇರ್.

"ಹೌದು. ಒಂದು ಸಲವೂ ತಾಗಿಲ್ಲ."

ಎತಿಯೆನ್ ನಗಲು ಶುರುಮಾಡಿದ. ಮೊದಲು ಹೆಗಲು ಅಲುಗಿತು, ಆಮೇಲೆ ಬೆಂಚು. ಬಿಜು ಗಾಬರಿಯಾಗಿ ಬೊಗಳಿತು. ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಕೋವಿಯನ್ನು ಕಂಬಳಿಯಿಂದ ಬಿಚ್ಚಿ ತಂದ, ನಾಳೆ ಬೆಳಿಗ್ಗೆ ಮತ್ತೆ ಹೋಗೋಣ ಎಂದು ಬೆರಳಿನಿಂದ ಬೆಟ್ಟ ತೋರಿಸಿದ.

ಆಗ ನಾನು ಇಲ್ಲ ಎಂದೆ. ಇದು ಹಿಂಜರಿಕೆಯಲ್ಲ, ಆ ಹೊತ್ತಿಗೆ ನನಗೆ ಎಲ್ಲವೂ ನಿಚ್ಚಳವಾಗಿತ್ತು. ನಮ್ಮ ಮನೆಯಲ್ಲಿ ಆಯುಧ ಪೂಜೆಯ ದಿನ ಮೊದಲ ಈಡು ಹಾರಿಸುವುದು ಮನೆಯ ಹಿರಿಯರು. ಬೇರೆಯವರು ಮುಟ್ಟುವಂತಿಲ್ಲ. ಅಪ್ಪನಿಗೆ ಕೊನೆಯ ನಾಲ್ಕು ವರ್ಷ ತೋಳಿನಲ್ಲಿ ಬಲವಿರಲಿಲ್ಲ. ನಾನು ಮುಂದೆ ಮಂಡಿಯೂರಿ ಕೂರುತ್ತಿದ್ದೆ, ಅಪ್ಪ ನಳಿಗೆಯನ್ನು ನನ್ನ ಹೆಗಲ ಮೇಲಿಟ್ಟು ಹಾರಿಸುತ್ತಿದ್ದ. ಆಮೇಲೆ ಮೂರು ದಿನ ನನ್ನ ಕಿವಿ ಗುಂಯ್‌ಗುಡುತ್ತಿತ್ತು, ಅಪ್ಪನ ಮುಖ ಮಾತ್ರ ನೋಡಬೇಕು.

"ಅವರು ಹೊಡೀಲಿ, ಹೆಗಲು ನಂದು," ಎಂದು ಕ್ಲೇರ್‌ಗೆ ಹೇಳಿದೆ.

ಅವಳು ಒಪ್ಪಲು ಒಂದು ಗಂಟೆ ಹಿಡಿಯಿತು. ಹಲಗೆಯ ಮೇಲೆ ಪ್ರಯೋಗ ಮಾಡಿ ತೋರಿಸಿದೆವು. ನಳಿಗೆ ಹೆಗಲ ಮೇಲೆ ಬಿಗಿಯಾಗಿ ಕೂತು ನಾನು ಅದನ್ನು ಎರಡು ಕೈಯಿಂದ ಹಿಡಿದರೆ ನಡುಕ ತುದಿಯವರೆಗೆ ಹೋಗುವುದಿಲ್ಲ. ಎರಡಕ್ಕೆ ಎರಡೂ ಹಲಗೆಗೆ ಬಿದ್ದವು. ಕೊನೆಗೆ, ತಾನೂ ಬರುತ್ತೇನೆ, ಕೇಪನ್ನು ಕೊನೆಯ ಗಳಿಗೆಯಲ್ಲಿ ತಾನೇ ಕೂರಿಸುತ್ತೇನೆ ಎಂಬ ಷರತ್ತಿನ ಮೇಲೆ ಹೂಂ ಎಂದಳು. ಆಮೇಲೆ ಯಾರಿಗೂ ಹೊಳೆಯದ ಪ್ರಶ್ನೆಯನ್ನು ಅವಳೇ ಕೇಳಿದಳು. ಅಪ್ಪನ ಎರಡು ಕೈಯೂ ಕೋವಿಯಲ್ಲಿದ್ದರೆ ಎಲೆ ಊದುವವರು ಯಾರು?

ಶಾರದ ಬೇಲಿಯ ಬೀಚ್ ಗಿಡದಿಂದ ಒಂದು ಎಲೆ ಕಿತ್ತಳು. ಕಳಸದ ಹುಡುಗಿ, ದನ ಮೇಯಿಸುವಾಗ ಎಲೆಯಲ್ಲಿ ಪೀಪಿ ಊದದೆ ಬೆಳೆದವಳಲ್ಲ. ಎತಿಯೆನ್ ಒಂದು ಸಲ ತೋರಿಸಿದ, ಅವಳು ಎರಡನೆಯ ಸಲಕ್ಕೆ ಅವನಿಗಿಂತ ಸಣ್ಣಗೆ ಊದಿದಳು. "ಬೇಟೆಗೆ ಬಂದಿಲ್ಲ ಅಂದಿದ್ದೆ ನೀನು," ಎಂದು ನೆನಪಿಸಿದೆ. "ಇವರ ಕೈ ನಡುಗ್ತದಲ್ಲ, ಅದಕ್ಕೇ ಬಂದದ್ದು ಅಂತ್ಲೂ ಅಂದಿದ್ದೆ," ಎಂದಳು.

ಮತ್ತೆ ಅದೇ ಬಯಲು

ನಾಲ್ಕು ಜನ ಒಂದು ಪೊದೆಯ ಹಿಂದೆ ಕೂತ ಬೇಟೆಯನ್ನು ಆ ಕಾಡು ಕಂಡಿರಲಿಕ್ಕಿಲ್ಲ. ಈ ಸಲ ಈಡು ತುಂಬುವಾಗ ನಾನು ಒಂದೊಂದನ್ನೂ ಬಾಯಿಬಿಟ್ಟು ಹೇಳಿದೆ. ಮದ್ದು. ಬಟ್ಟೆ. ಗುಂಡು. ನಿನ್ನೆ ಜೇಬಿನಲ್ಲಿದ್ದ ಅದೇ ಗುಂಡು. ಗಜ ಇಳಿಸಿದೆ, ಅಜ್ಜ ಕೊರೆದ ಗೀರು ನಳಿಗೆಯ ಬಾಯಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತಿತು. ಎತಿಯೆನ್‌ಗೆ ತೋರಿಸಿದೆ, ಅವನು ಬೆರಳಿನಿಂದ ಮುಟ್ಟಿ ನೋಡಿದ.

ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಂಡಿಯೂರಿದೆ. ನಳಿಗೆ ಬಲ ಹೆಗಲ ಮೇಲೆ ಬಂತು. ಹೆಗಲಿಗೆ ಅವನ ಕೈಯ ನಡುಕ ತಿಳಿಯುತ್ತಿತ್ತು, ನಿಂತ ಜೀಪಿನ ಎಂಜಿನ್ನಿನ ಹಾಗೆ ಸಣ್ಣಗೆ, ಬಿಡದೆ. ನಾನು ನಳಿಗೆಯನ್ನು ಎರಡು ಕೈಯಿಂದ ಹೆಗಲಿಗೆ ಒತ್ತಿಕೊಂಡೆ. ಶಾರದ ಊದಿದಳು. ಊದಿ ನಿಲ್ಲಿಸಿದಳು. ಹತ್ತಿಯೊಳಗಿಂದ ನನಗೆ ನನ್ನ ಎದೆಯ ಸದ್ದು ಬಿಟ್ಟು ಬೇರೆ ಕೇಳಿಸುತ್ತಿರಲಿಲ್ಲ. ಹೆದರಿಕೆಯಾಗಿತ್ತು. ಜಿಂಕೆ ಬಾರದಿದ್ದರೆ ಎಂಬ ಹೆದರಿಕೆಯಲ್ಲ, ಬಂದು ಗಾಯಗೊಂಡು ಓಡಿದರೆ ಈ ಮನುಷ್ಯ ಅದನ್ನು ತನ್ನ ಕೊನೆಯ ನೆನಪಾಗಿ ಇಟ್ಟುಕೊಳ್ಳುತ್ತಾನಲ್ಲ ಎಂಬ ಹೆದರಿಕೆ.

ಐದನೆಯ ಸಲಕ್ಕೆ ಅದೇ ಗಂಡು ಬಂತು. ಬಯಲಿನ ನಡುವೆ ಬಂದು, ಹೆಣ್ಣು ಎಲ್ಲಿ ಎಂದು ತಲೆಯೆತ್ತಿ ನಿಂತಿತು. ಕ್ಲೇರ್ ಕೈ ಚಾಚಿ ಕೇಪು ಕೂರಿಸಿದಳು. ಎತಿಯೆನ್ ಒಂದು ದೀರ್ಘ ಉಸಿರು ಬಿಟ್ಟದ್ದು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗಿತು. ನಾನೂ ಬಿಟ್ಟೆ, ಬಿಟ್ಟು ಹಾಗೇ ನಿಲ್ಲಿಸಿದೆ. ಒಂದು ಗಳಿಗೆ ನಳಿಗೆ ನನ್ನ ಹೆಗಲ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ಸದ್ದು ನನಗೆ ಹೊಡೆತದ ಹಾಗೆ ಬಂತು. ಹೊಗೆ ಹರಿಯುವವರೆಗೆ ಯಾರೂ ಅಲುಗಲಿಲ್ಲ. ಜಿಂಕೆ ನಿಂತಲ್ಲೇ ಮಲಗಿತ್ತು, ಒಂದು ಕಾಲೂ ಒದ್ದುಕೊಂಡಿರಲಿಲ್ಲ.

ಅಲ್ಲಿ ಯಾರೂ ಕೂಗುವುದಿಲ್ಲ, ಕುಣಿಯುವುದಿಲ್ಲ. ಎತಿಯೆನ್ ಟೋಪಿ ತೆಗೆದು ಜಿಂಕೆಯ ಪಕ್ಕ ಮಂಡಿಯೂರಿದ. ಒಂದು ಚಿಕ್ಕ ಬೀಚ್ ಟೊಂಗೆ ಮುರಿದು ಅದರ ಬಾಯಲ್ಲಿಟ್ಟ. ಕೊನೆಯ ತುತ್ತು ಎನ್ನುತ್ತಾರಂತೆ. ಶಾರದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾಯುವವರ ಬಾಯಿಗೆ ನಾವು ನೀರು ಬಿಡುವುದಿಲ್ಲವೇ, ಹಾಗೆ. ಇನ್ನೊಂದು ಟೊಂಗೆ ಹೊಡೆದವನ ಟೋಪಿಗೆ. ಕ್ಲೇರ್ ಅದನ್ನು ಅಪ್ಪನಿಗೆ ಕೊಟ್ಟಳು. ಅವನು ಅದನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದ. ಆಮೇಲೆ ಕಾಲಿಗೆ ಪಟ್ಟಿ ಕಟ್ಟಬೇಕಿತ್ತು. ಅವನ ಬೆರಳಿಗೆ ಕೊಂಡಿ ಸಿಗಲಿಲ್ಲ, ನಾನು ಹಿಡಿಯಹೋದರೆ ನನ್ನ ಬೆರಳಿಗೂ ಸಿಗಲಿಲ್ಲ, ನನ್ನ ಕೈಯೂ ಅವನಷ್ಟೇ ನಡುಗುತ್ತಿತ್ತು. ಎತಿಯೆನ್ ನನ್ನ ಕೈ ನೋಡಿದ, ತನ್ನ ಕೈ ನೋಡಿಕೊಂಡ. ಇಬ್ಬರೂ ಸೇರಿ ಕಟ್ಟಿದೆವು.

ಮನೆಯಲ್ಲಿ ಪಾಲು ಹಾಕಿದ್ದು ನಾನು, ಅಪ್ಪ ಹೇಳುತ್ತಿದ್ದ ಪದ್ಧತಿಯಂತೆ. ಹೊಡೆದವನ ಪಾಲು ತಲೆ ಮತ್ತು ಒಂದು ತೊಡೆ, ಕಾಡಿಗೆ ಬಂದ ಪ್ರತಿಯೊಬ್ಬರಿಗೂ ಸಮಪಾಲು, ಕೋವಿಗೆ ಒಂದು ಪಾಲು, ನಾಯಿಗೆ ಒಂದು. ಕಾರಿನಲ್ಲೇ ಕೂತಿದ್ದ ಬಿಜುಗೆ ಪಾಲು ಯಾಕೆ ಎಂದು ಕ್ಲೇರ್ ಕೇಳಿದಳು. ಬೊಗಳದೆ ಇದ್ದದ್ದಕ್ಕೆ ಎಂದೆ. ಕೋವಿ ತಿನ್ನುವುದಿಲ್ಲವಲ್ಲ ಎಂದಳು. ಕೋವಿಯ ಪಾಲನ್ನು ನೆರೆಹೊರೆಗೆ ಹಂಚಬೇಕು ಎಂದೆ. ಆ ಪಾಲು ಕೈಯಲ್ಲಿ ಹಿಡಿದು ಎತಿಯೆನ್ ಇಬ್ಬರೂ ಅಜ್ಜಿಯರ ಬಾಗಿಲು ತಟ್ಟಿ, ಬ್ರೆಡ್ ಅಂಗಡಿಯವರೆಗೂ ಹೋಗಿ ಬಂದ. ಹಿಂತಿರುಗಿ ಬರುವಾಗ ಅವನ ಹಿಂದೆ ಅರ್ಧ ಊರಿತ್ತು. ಪರದೆಯ ಹಿಂದಿದ್ದವರೆಲ್ಲ ಹಿತ್ತಲಿಗೆ ಬಂದರು. ಶಾರದ ಅಕ್ಕಿತರಿಯ ಕಡುಬು ಬೇಯಿಸಿ, ಮೆಣಸು ಹಾಕಿದ ಸಾರಿನ ಜೊತೆ ಬಡಿಸಿದಳು. ಎತಿಯೆನ್ ಒಂದು ಕಡುಬನ್ನು ಮೇಜಿನ ಬಟ್ಟೆಯ ಮೇಲಿಟ್ಟುಕೊಂಡ, ಅವಳು ಈ ಸಲ ತಟ್ಟೆ ಸರಿಸಲಿಲ್ಲ.

ಮತ್ತೆ ತೋಟ

ಬರುವಾಗ ಯಂತ್ರ ಕೂಗಲಿಲ್ಲ. ಒಣಗಿದ ಬೀಚ್ ಟೊಂಗೆ ಶಾರದಳ ಕಾಫಿಪುಡಿಯ ಖಾಲಿ ಡಬ್ಬಿಯಲ್ಲಿ ಬಂತು. ಕೆಲವು ದಿನ ಕಳೆದು ಕ್ಲೇರ್ ಒಂದು ಫೋಟೊ ಕಳಿಸಿದಳು. ಕೋವಿಯನ್ನು ಒಪ್ಪಿಸಲಿಲ್ಲವಂತೆ, ಅವಳ ಹೆಸರಿಗೆ ಮಾಡಿಸಿ ಊಟದ ಮನೆಯ ಗೋಡೆಗೆ ತೂಗುಹಾಕಿದ್ದಾರೆ, ಕೈಗೆ ಸಿಗುವ ಎತ್ತರದಲ್ಲಿ. ಬಂದವರಿಗೆಲ್ಲ ಎತಿಯೆನ್ ಹೇಳುವುದು ಒಂದೇ ಮಾತಂತೆ, ಈ ಕೋವಿ ಈವತ್ತಿನವರೆಗೆ ಒಂದು ಗುಂಡನ್ನೂ ತಪ್ಪಿಸಿಲ್ಲ. ಮಾತು ಸತ್ಯವೇ.

ನಾವು ಹಿಂತಿರುಗಿದ ದಿನ ಕೊಟ್ಟಿಗೆಹಾರಕ್ಕೆ ಲಕ್ಷ್ಮಣ ಜೀಪು ತಂದಿದ್ದ. ಕಳಸದ ದಾರಿಗೆ ತಿರುಗುವವರೆಗೆ ತಡೆದುಕೊಂಡು ಕೇಳಿದ.

"ಎಂತ ಹೊಡೆದ್ರಿ ಗೌಡ್ರೇ?"

"ಹೊಡೆದದ್ದು ಎತಿಯೆನ್. ಈಡು ತುಂಬಿದ್ದು ನಾನು."

ಅವನು ತಿರುವಿಗೆ ಗೇರು ಇಳಿಸಿದ. ಹಿಂದಿನ ಸೀಟಿನಲ್ಲಿ ಶಾರದ ಕೆಮ್ಮಿದಳು.

"ಗುಂಡು ಹಾಕಿದ್ರಾ?" ಎಂದ ಲಕ್ಷ್ಮಣ.

"ಎರಡನೇ ಸಲ ಹಾಕಿದೆ," ಎಂದೆ.